ಕಟಗಿ ಹೊಟ್ಟಿನ ಇಟ್ಟಂಗಿ



ಬ್ಯಾಸಗಿ ಸೂಟಿಯಲ್ಲಿ ಮನೆಯಲ್ಲೇ ಮಾಡಿ ನೋಡಿದ ಒಂದು ವಿಜ್ಞಾನದ ಕೆಲಸವನ್ನು ಗೋಡೆ ಪತ್ರಿಕೆಗೆ ಬರೆದು ಕೊಡಿರಿ ಎಂದು ವಿಜ್ಞಾನದ ಅಕ್ಕೋರು ಹೇಳಿದ್ದರು. ನಾನು ಕಟ್ಟಿಗೆ ಹೊಟ್ಟಿನಿಂದ ಇಟ್ಟಂಗಿ ಮಾಡಿದ್ದನ್ನು ಬರೆಯುತ್ತಿದ್ದೇನೆ. ಇದು ಗೋಡೆ ಕಟ್ಟುವ ಇಟ್ಟಂಗಿ ಅಲ್ಲ, ಒಲೆಗೆ ಹಾಕಿ ಉರಿಸುವ ಇಟ್ಟಂಗಿ. ಎರಡು ಸಲ ಮಾಡಿದ್ದು ಕೆಟ್ಟಿತು. ಮೂರನೇ ಸಲ ಚಲೋ ಬಂತು, ಆದರೆ ಅದನ್ನು ಮಳೆ ಕೆಡಿಸಿತು. ಕೆಟ್ಟದ್ದನ್ನೂ ಮುಚ್ಚಿಡದೆ ಬರೆದಿದ್ದೇನೆ. ನೀವು ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ನಮ್ಮದು ಬಡಿಗೇರ ಮನೆ ಎಂಬುದು ನಿಮಗೆಲ್ಲ ಗೊತ್ತು. ಅಪ್ಪ ಮೊದಲು ಕುಂಟಿ, ಕೂರಿಗಿ, ನೇಗಿಲು ಮಾಡುತ್ತಿದ್ದ. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಕಡಿಮೆಯಾಗಿ ಈಗ ಬಾಗಿಲು, ಕಿಟಕಿ, ಹೊರಸು, ಕಪಾಟು ಮಾಡುತ್ತಾನೆ. ಕೊಯ್ದ ಹೊಟ್ಟು, ರಂದಾ ಹೊಡೆದ ಸುರುಳಿ ಸಿಪ್ಪಿ ಸೇರಿ ವಾರಕ್ಕೆ ಒಂದು ಗೋಣಿಚೀಲ ತುಂಬುತ್ತದೆ. ಸಿಪ್ಪಿಯನ್ನು ಅವ್ವ ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತಾಳೆ. ಹೊಟ್ಟು ಮಾತ್ರ ಯಾರಿಗೂ ಬೇಡ. ತಿಪ್ಪೆಗೆ ಹಾಕಿದರೆ ಬೇಗ ಕೊಳೆಯುವುದಿಲ್ಲ. ಹಿತ್ತಲಲ್ಲಿ ಗುಂಪಿ ಹಾಕಿದರೆ ಗಾಳಿಗೆ ಹಾರಿ ಬಾಜೂ ಮನೆಯವರ ಹಪ್ಪಳ ಸಂಡಿಗೆ ಮೇಲೆ ಬೀಳುತ್ತದೆ, ಜಗಳ ಆಗುತ್ತದೆ. ಕಡೆಗೆ ಅಪ್ಪ ಅದಕ್ಕೆ ಬೆಂಕಿ ಹಚ್ಚುತ್ತಿದ್ದ. ಅದು ಉರಿಯುವುದೂ ಇಲ್ಲ, ಆರುವುದೂ ಇಲ್ಲ. ಎರಡು ದಿನ ಬುಸುಬುಸು ಹೊಗೆ.

ಅದೇ ಹೊತ್ತಿಗೆ ಒಳಗೆ ಅಡಿಗೆ ಮನೆಯಲ್ಲಿ ಉರುವಲ ಇಲ್ಲ ಎಂದು ಅವ್ವ ಒದ್ದಾಡುತ್ತಾಳೆ. ಬ್ಯಾಸಗಿಯಲ್ಲಿ ತೊಂದರೆ ಇಲ್ಲ. ಹತ್ತಿ ಕಟಗಿ, ತೊಗರಿ ಕಟಗಿ, ಬಳ್ಳಾರಿ ಜಾಲಿ ಎಲ್ಲ ಒಣಗಿ ಗರಿಗರಿ ಇರುತ್ತದೆ. ಮಿರಗದ ಮಳೆ ಹಿಡಿದ ಮೇಲೆ ಹೊರಗಿನ ಬಣವಿ ತೋಯ್ದು ಹೋಗುತ್ತದೆ. ಹೋದ ವರ್ಷ ಶ್ರಾವಣದಲ್ಲಿ ಎಂಟು ದಿನ ಜಡಿಮಳೆ ಹಿಡಿದಾಗ ಅವ್ವ ಹಸಿ ಕಟಗಿ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ನಮ್ಮ ಆಯಿಗೆ ದಮ್ಮು ಇದೆ. ಆಕೆ ಅಡಿಗೆ ಮನೆಯ ಗೋಡೆಗೆ ಹತ್ತಿದ ಪಡಸಾಲೆಯಲ್ಲೇ ಮಲಗುವುದು. ಆ ಎಂಟು ದಿನ ಆಕೆ ಮಲಗಲಿಲ್ಲ, ಗೋಡೆಗೆ ಆತು ಕೂತೇ ರಾತ್ರಿ ಕಳೆದಳು. ಕಡೆಗೆ ಮುಂಡರಗಿ ದವಾಖಾನೆಗೆ ಕರಕೊಂಡು ಹೋಗಬೇಕಾಯಿತು.

ಗ್ಯಾಸ್ ಇಲ್ಲವೇನು ಎಂದು ಕೇಳಬಹುದು. ಇದೆ. ಉಜ್ವಲಾ ಯೋಜನೆ 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾ ಎಂಬಲ್ಲಿ ಸುರುವಾಯಿತು. ಆಮೇಲೆ ನಮ್ಮ ಊರಿಗೂ ಬಂತು, ಅವ್ವನ ಹೆಸರಿನಲ್ಲಿ ಸಿಲಿಂಡರ್ ಸಿಕ್ಕಿತು. ಆದರೆ ಖಾಲಿಯಾದ ಮೇಲೆ ತುಂಬಿಸಲು ರೊಕ್ಕ ಒಮ್ಮೆಲೇ ಬೇಕು. ಅಪ್ಪನಿಗೆ ರೊಕ್ಕ ಬರುವುದು ಬಾಗಿಲು ಕೂಡಿಸಿದ ದಿನ, ಅದೂ ಅರ್ಧ ಉದ್ರಿ. ಹಾಗಾಗಿ ಚಾಕ್ಕೆ, ಬೀಗರು ಬಂದಾಗ ಉಪ್ಪಿಟ್ಟಿಗೆ ಗ್ಯಾಸು. ಬ್ಯಾಳಿ, ಅನ್ನ, ರೊಟ್ಟಿ, ಜಳಕದ ನೀರು ಎಲ್ಲ ಒಲೆಯ ಮೇಲೆ. ನಮ್ಮ ಓಣಿಯಲ್ಲಿ ಬಹಳ ಮನೆಗಳ ಕಥೆ ಇದೇ.

ಮೊದಲು ಕಟಗಿಗೆ ಗುಡ್ಡದ ಕಡೆ ಹೋಗುತ್ತಿದ್ದೆವು ಎಂದು ಆಯಿ ಹೇಳುತ್ತಾಳೆ. ಕಪ್ಪತಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದೆ, ಔಷಧಿ ಗಿಡಗಳಿಗೆ ಹೆಸರಾಗಿದೆ. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅಲ್ಲಿ ಗಿಡ ಕಡಿಯುವಂತಿಲ್ಲ, ಕಡಿಯಲೂಬಾರದು. ಹಾಗಾಗಿ ಉಳಿದದ್ದು ಹಳ್ಳದ ದಂಡೆಯ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿ ತೂರಿ ಬರುತ್ತದೆ. ಅವ್ವನ ಬಲಗಾಲಿನ ಹಿಮ್ಮಡದಲ್ಲಿ ಮುಳ್ಳು ಮುರಿದು ಕೀವಾಗಿ ಹದಿನೈದು ದಿನ ಕುಂಟಿದ್ದಳು.

ಒಂದು ಕಡೆ ಚೀಲಗಟ್ಟಲೆ ಹೊಟ್ಟು ಸುಟ್ಟು ಹಾಕುವುದು, ಇನ್ನೊಂದು ಕಡೆ ಉರುವಲ ಇಲ್ಲ ಎಂದು ಮುಳ್ಳು ತುಳಿಯುವುದು. ಇದನ್ನು ನೋಡಿ ನಾನು ಅಪ್ಪನಿಗೆ ಕೇಳಿದೆ, "ಅಪ್ಪಾ, ಹೊಟ್ಟನ್ಯಾಕ ಒಲಿಗೆ ಹಾಕಬಾರದು?" ಅಪ್ಪ, "ಹಾಕಿ ನೋಡಬೇ ಯವ್ವಾ" ಅಂದ.

ಹಾಕಿದೆ. ಒಂದು ಬೊಗಸೆ ಚೆಲ್ಲಿದರೆ ಭಗ್ ಎಂದು ಹತ್ತಿ ಹುಬ್ಬು ಸುಟ್ಟಿತು. ಒಂದು ಪುಟ್ಟಿ ಹಾಕಿದರೆ ಬೆಂಕಿಯೇ ಆರಿತು. ಚೆಲ್ಲಿದಾಗ ಪ್ರತಿಯೊಂದು ಕಣಕ್ಕೂ ಸುತ್ತ ಗಾಳಿ ಸಿಗುತ್ತದೆ, ಎಲ್ಲ ಒಮ್ಮೆಲೇ ಉರಿಯುತ್ತದೆ. ಗುಂಪಿ ಹಾಕಿದಾಗ ಒಳಗೆ ಗಾಳಿ ಹೋಗುವುದಿಲ್ಲ. ಹೊಟ್ಟು ಕಟ್ಟಿಗೆಯೇ ಹೌದು, ಆದರೆ ಕಟ್ಟಿಗೆಯ ಆಕಾರ ಅದಕ್ಕಿಲ್ಲ. ಅದಕ್ಕೆ ಮತ್ತೆ ಆಕಾರ ಕೊಡಬೇಕು.

ಆಗ ಆಯಿ ಒಂದು ಮಾತು ಹೇಳಿದಳು. "ಹಿಂದಕ ಚಾದ ಅಂಗಡ್ಯಾಗ ಹೊಟ್ಟಿನ ಒಲಿ ಇರತಿದ್ವು. ಡಬ್ಬಿಯೊಳಗ ನಡುವ ಬಾಟ್ಲಿ ನಿಲ್ಲಿಸಿ ಸುತ್ತ ಹೊಟ್ಟು ತುರುಕಿ ಜಡಿತಿದ್ರು. ಆಮ್ಯಾಗ ಬಾಟ್ಲಿ ತಗದ್ರ ನಡುವ ತೂತು ಉಳಿತಿತ್ತು. ಕೆಳಗಿನ ಕಿಂಡ್ಯಾಗಿಂದ ಹಚ್ಚಿದ್ರ ತಾಸುಗಟ್ಟಲೆ ತಾನ ಉರಿತಿತ್ತು." ನಮ್ಮ ಇಟ್ಟಂಗಿಗೆ ನಡುವೆ ತೂತು ಬಂದದ್ದು ಆಯಿಯ ಈ ಮಾತಿನಿಂದ. ಯಾವ ಪುಸ್ತಕದಿಂದಲೂ ಅಲ್ಲ.

ಕಾರಖಾನೆಯಲ್ಲಿ ಹೇಗೆ ಮಾಡುತ್ತಾರೆ

ಇದು ಹೊಸ ವಿದ್ಯೆ ಅಲ್ಲ. ಅಮೆರಿಕದ ಐಡಾಹೊ ರಾಜ್ಯದ ಲೂಯಿಸ್ಟನ್ ಎಂಬ ಊರಿನ ಕಟ್ಟಿಗೆ ಮಿಲ್ಲಿನಲ್ಲಿ 1930ರ ದಶಕದಲ್ಲೇ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಕೊರಡು ಮಾಡಿ ಮಾರುತ್ತಿದ್ದರು. ನಮ್ಮ ದೇಶದಲ್ಲಿಯೂ ಶೇಂಗಾ ಸಿಪ್ಪಿ, ಕಟ್ಟಿಗೆ ಹೊಟ್ಟು, ಹತ್ತಿ ಕಟಗಿ ಪುಡಿ ಮಾಡಿ ಒತ್ತಿ ತೋಳಿನಷ್ಟು ದಪ್ಪ ತುಂಡು ಮಾಡುವ ಕಾರಖಾನೆಗಳು ಇವೆ. ಅದಕ್ಕೆ ಬಿಳಿ ಕಲ್ಲಿದ್ದಲು ಎನ್ನುತ್ತಾರೆ. ಬಾಯ್ಲರ್‌ಗಳಿಗೆ, ಇಟ್ಟಂಗಿ ಭಟ್ಟಿಗಳಿಗೆ ಹೋಗುತ್ತದೆ. ಅಪ್ಪ ಒಂದು ಕಡೆ ಬಾಗಿಲು ಕೂಡಿಸಲು ಹೋದಾಗ ಒಂದು ತುಂಡು ತಂದಿದ್ದ. ಕಲ್ಲಿನಂತೆ ಗಟ್ಟಿ, ನೀರಿಗೆ ಹಾಕಿದರೆ ಮುಳುಗಿತು. ಕಟ್ಟಿಗೆ ತೇಲುತ್ತದೆ, ಆದರೆ ಅದನ್ನೇ ಪುಡಿ ಮಾಡಿ ಒತ್ತಿದ್ದು ಮುಳುಗುತ್ತದೆ! ಒತ್ತಿದಾಗ ಒಳಗಿನ ಗಾಳಿ ಎಲ್ಲ ಹೋಗಿ ಅದರ ಸಾಂದ್ರತೆ ನೀರಿಗಿಂತ ಹೆಚ್ಚಾಯಿತು ಎಂದು ಅಕ್ಕೋರು ವಿವರಿಸಿದರು.

ಆ ತುಂಡಿಗೆ ಅಂಟು ಹಾಕಿರುವುದಿಲ್ಲ. ಕಟ್ಟಿಗೆಯಲ್ಲಿ ಲಿಗ್ನಿನ್ ಎಂಬ ಪದಾರ್ಥ ಇರುತ್ತದೆ. ಗಿಡದ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟು ಕಾಂಡವನ್ನು ಗಟ್ಟಿ ಮಾಡುವುದೇ ಅದು. ನೂರು ಡಿಗ್ರಿಗಿಂತ ಹೆಚ್ಚು ಕಾಸಿದರೆ ಅದು ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಗಿಯುತ್ತದೆ. ಯಂತ್ರದ ಒತ್ತಡ ಮತ್ತು ತಿಕ್ಕಾಟದ ಕಾವಿನಿಂದ ಇದು ತಾನೇ ಅಂಟಾಗುತ್ತದೆ.

ಇದನ್ನು ಓದಿ ನಾನು, ಒತ್ತಡ ಹೆಚ್ಚು ಹಾಕಿದರೆ ಆಯಿತು ಎಂದು ತಿಳಿದೆ. ಇದೇ ನನ್ನ ಮೊದಲ ತಪ್ಪು.

ಅಚ್ಚು ಮತ್ತು ಸನ್ನೆ

ಅಚ್ಚನ್ನು ಅಪ್ಪ ಮಾಡಿ ಕೊಟ್ಟ. ನಾಲ್ಕು ಇಂಚಿನ ಪ್ಲಾಸ್ಟಿಕ್ ಪೈಪಿನ ಒಂದು ಮೊಳಕ್ಕಿಂತ ಚಿಕ್ಕ ತುಂಡು. ಅದರ ಸುತ್ತ ನೀರು ಹೋಗಲು ಸಣ್ಣ ತೂತುಗಳು. ಒಳಗೆ ಸರಿಯಾಗಿ ಕೂಡುವ ಎರಡು ಕಟ್ಟಿಗೆ ಬಿಲ್ಲೆ, ಒಂದು ಕೆಳಗೆ ಒಂದು ಮೇಲೆ. ಬಿಲ್ಲೆಗಳ ನಡುವೆ ತೂತು, ಅದರಲ್ಲಿ ಹಾಯುವ ಒಂದು ಇಂಚಿನ ನುಣುಪಾದ ಬಡಿಗೆ. (ಬಲಗಡೆಯ ಚಿತ್ರ ನಾನೇ ತೆಗೆದದ್ದು. ಬಡಿಗೆ ಸ್ವಲ್ಪ ಸೊಟ್ಟ ಬಂದಿದೆ, ನಿಜವಾದದ್ದು ನೆಟ್ಟಗಿದೆ.)

ಒತ್ತಲು ಸನ್ನೆ. ಹಿತ್ತಲ ಬೇವಿನ ಗಿಡದ ಬುಡಕ್ಕೆ ಕಬ್ಬಿಣದ ಬಳೆ ಬಿಗಿದು ಐದು ಅಡಿ ಉದ್ದದ ಜಾಲಿ ತೊಲೆಯ ಒಂದು ತುದಿಯನ್ನು ಅದರಲ್ಲಿ ಸಿಕ್ಕಿಸಿದೆವು. ಗಿಡದಿಂದ ಅರ್ಧ ಅಡಿ ದೂರದಲ್ಲಿ ತೊಲೆಯ ಕೆಳಗೆ ಅಚ್ಚು. ಇನ್ನೊಂದು ತುದಿಯನ್ನು ನಾವು ಅದುಮುವುದು. ಎಂಟನೇ ತರಗತಿಯಲ್ಲಿ ಓದಿದ್ದೇವಲ್ಲ, ಎರಡನೇ ವರ್ಗದ ಸನ್ನೆ, ಅಡಕೊತ್ತಿನ ಹಾಗೆ: ಆಧಾರ ಒಂದು ತುದಿಗೆ, ಭಾರ ನಡುವೆ, ಬಲ ಇನ್ನೊಂದು ತುದಿಗೆ. ಐದು ಅಡಿಗೆ ಅರ್ಧ ಅಡಿ ಅಂದರೆ ಹತ್ತು ಪಟ್ಟು. ನಾನು 20 ಕಿಲೊ ಭಾರ ಹಾಕಿದರೆ ಅಚ್ಚಿನ ಮೇಲೆ 200 ಕಿಲೊ. ನನ್ನ ತಮ್ಮ ತುದಿಗೆ ಜೋತುಬಿದ್ದು ಜೋಕಾಲಿ ಆಡಿದ. ಅವನಿಗೆ ಇದು ವಿಜ್ಞಾನ ಅಂತ ಇನ್ನೂ ಗೊತ್ತಿಲ್ಲ.

ಮೊದಲ ಸಲ ಒಣ ಹೊಟ್ಟನ್ನು ಸ್ವಲ್ಪವೇ ನೀರು ಚಿಮುಕಿಸಿ ತುಂಬಿ ನಾನು, ತಮ್ಮ, ಅಪ್ಪ ಮೂವರೂ ಸೇರಿ ಅದುಮಿದೆವು. ಹೊರಗೆ ತೆಗೆದಾಗ ಭಾಳ ಚಂದ ಇತ್ತು. ಇಪ್ಪತ್ತು ಮಾಡಿ ಬಿಸಿಲಿಗೆ ಇಟ್ಟೆ. ಸಂಜೆಗೆ ಕೈಯಲ್ಲಿ ಎತ್ತಿದರೆ ಉಸುಕಿನಂತೆ ಉದುರಿತು. ಅವ್ವ ನಕ್ಕಳು. "ನಿಮ್ಮಪ್ಪ ಚೀಲದಾಗ ತುಂಬತಾನ, ನೀ ಪೈಪಿನ್ಯಾಗ ತುಂಬಿದಿ. ಹೊಟ್ಟು ಹೊಟ್ಟಾಗೇ ಐತಿ" ಅಂದಳು.

ಲೆಕ್ಕ ಹಾಕಿದೆ. ನಾಲ್ಕು ಇಂಚಿನ ಬಿಲ್ಲೆಯ ಕ್ಷೇತ್ರಫಲ ಸುಮಾರು 80 ಚದರ ಸೆಂಟಿಮೀಟರ್. 200 ಕಿಲೊವನ್ನು 80ರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಎರಡೂವರೆ ಕಿಲೊ. ಕಾರಖಾನೆಯ ಯಂತ್ರ ಹಾಕುವುದು ಸುಮಾರು ಸಾವಿರ ಕಿಲೊ! ನಮ್ಮ ಓಣಿಯವರೆಲ್ಲ ತೊಲೆಗೆ ಜೋತುಬಿದ್ದರೂ ಅಷ್ಟು ಆಗುವುದಿಲ್ಲ, ಮೇಲಾಗಿ ಕಾವೂ ಇಲ್ಲ. ಹಾಗಾದರೆ ಲಿಗ್ನಿನ್ ನಮ್ಮ ಕೈಗೆ ಸಿಗುವುದಿಲ್ಲ. ಬೇರೆ ಅಂಟು ಬೇಕು.

ಗಂಜಿ ಹಾಕಿ ಬೈಸಿಕೊಂಡದ್ದು

ಬೆಟಗೇರಿಯಲ್ಲಿ ನಮ್ಮ ಚಿಗವ್ವನ ಮನೆ ಇದೆ. ಅಲ್ಲಿ ನೇಕಾರರು ಹಾಸಿನ ನೂಲಿಗೆ ಗಂಜಿ ಹಚ್ಚುವುದನ್ನು ನೋಡಿದ್ದೆ. ಗಂಜಿ ಹಚ್ಚಿದ ನೂಲು ಬಿರುಸಾಗಿ, ಎಳೆ ಎದ್ದು ಬರುವುದಿಲ್ಲ. ಅದನ್ನು ನೆನೆದು ಅವ್ವನಿಗೆ ಹೇಳದೆ ಗೋದಿ ಹಿಟ್ಟಿನ ಗಂಜಿ ಕಾಸಿ ಹೊಟ್ಟಿಗೆ ಕಲಸಿ ಮೂವತ್ತು ಇಟ್ಟಂಗಿ ಮಾಡಿದೆ. ಈ ಸಲ ಉದುರಲಿಲ್ಲ. ಆದರೆ ಮರುದಿನ ಮುಂಜಾನೆಗೆ ಇರುವೆ ಸಾಲು ಹಚ್ಚಿದ್ದವು. ನಾಲ್ಕನೇ ದಿನಕ್ಕೆ ಒಳಗೆ ಒಣಗದೆ ಬೂಸಲು ಬಂದು ಹುಳಿ ವಾಸನೆ ಹೊಡೆಯಿತು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ. ಗಂಜಿ ಅಂದರೆ ಪಿಷ್ಟ, ಅದು ಬೂಸಲಿಗೂ ಆಹಾರ, ಇರುವೆಗೂ ಆಹಾರ.

ಹಿಟ್ಟಿನ ಡಬ್ಬಿ ನೋಡಿದ ಅವ್ವ ಸುಮ್ಮನಿರಲಿಲ್ಲ. "ತಿನ್ನೂ ಹಿಟ್ಟು ಒಲಿಗೆ ಹಾಕತೀಯೇನ? ಎರಡು ಸೇರು ಗೋದಿ ಬೀಸಿಸ್ಕೊಂಡು ಬಂದಿದ್ದೆ!" ನನಗೆ ಉತ್ತರ ಇರಲಿಲ್ಲ. ಅವ್ವ ಹೇಳಿದ್ದು ಸರಿಯೇ. ನಮ್ಮ ಕಡೆ ತಿನ್ನುವ ಪದಾರ್ಥವನ್ನು ಅಂಟಾಗಿ ಬಳಸಿ ಒಲೆಗೆ ಹಾಕುವುದು ನಡೆಯುವ ಮಾತಲ್ಲ.

ಸಗಣಿ ಕಲಸು ಎಂದರು ಕೆಲವರು. ಕುಳ್ಳು ತಟ್ಟುವವರಿಗೆ ಗೊತ್ತು, ಸಗಣಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಆಯಿ, "ಸಗಣಿ ಹೊಲಕ್ಕ ಹೋಗಬೇಕವ್ವಾ. ಈಗ ದನಾನ ಕಡಿಮಿ ಆಗ್ಯಾವು, ಇದ್ದದ್ದನ್ನೂ ಸುಟ್ರ ಎರಿ ಹೊಲ ಏನ್ ತಿನಬೇಕು?" ಅಂದಳು. ಅದಕ್ಕೆ ಸಗಣಿ ಬಿಟ್ಟೆ.

ಮೂರನೇ ಸಲ: ಹಳೇ ನೋಟುಬುಕ್ಕು

ಕಪಾಟಿನಲ್ಲಿ ನನ್ನ ಏಳನೇ ತರಗತಿಯ ನೋಟುಬುಕ್ಕುಗಳು ಇದ್ದವು. ಹಿಂದಿನ ಮಳೆಗಾಲದಲ್ಲಿ ಮನೆ ಸೋರಿ ತೋಯ್ದು ಒಣಗಿ ಹಾಳೆ ಹಾಳೆ ಅಂಟಿಕೊಂಡು ಹಲಗೆಯಂತೆ ಆಗಿದ್ದವು. ರದ್ದಿಯವನೂ ತೆಗೆದುಕೊಂಡಿರಲಿಲ್ಲ. ಅವನ್ನು ಎತ್ತಿ ಎಸೆಯುವಾಗ ಹೊಳೆಯಿತು. ಕಾಗದಕ್ಕೆ ಯಾರು ಅಂಟು ಹಚ್ಚಿದ್ದರು? ಯಾರೂ ಇಲ್ಲ. ನೀರಿನಲ್ಲಿ ನೆನೆದಾಗ ನಾರು ಬಿಚ್ಚಿಕೊಂಡು, ಒಣಗಿದಾಗ ಒಂದಕ್ಕೊಂದು ಹೆಣೆದುಕೊಂಡಿತ್ತು.

ಅಕ್ಕೋರನ್ನು ಕೇಳಿದೆ. ಕಾಗದ ಅಂದರೂ ಕಟ್ಟಿಗೆಯ ನಾರೇ, ಉದ್ದ ನಾರು, ಹೊಟ್ಟಿನ ಕಣಗಳ ಸುತ್ತ ಅದು ಬಲೆಯಂತೆ ಕೂಡುತ್ತದೆ ಎಂದರು. ಅಂದರೆ ಇಲ್ಲಿ ಹಿಡಿಯುವುದು ಒತ್ತಡವಲ್ಲ, ನಾರು. ಸನ್ನೆಯ ಕೆಲಸ ಗಟ್ಟಿ ಮಾಡುವುದಲ್ಲ, ನೀರು ಹಿಂಡುವುದು. ಇದು ತಿಳಿದ ಮೇಲೆ ಕೆಲಸ ಹಗುರಾಯಿತು. ನಾನೊಬ್ಬಳೇ ಒತ್ತಿದರೂ ಸಾಕು.

ಮಾಡುವ ರೀತಿ ಹೀಗೆ. ಕಾಗದವನ್ನು ಸಣ್ಣಗೆ ಹರಿದು ಮೂರು ದಿನ ಬಾನಿಯಲ್ಲಿ ನೆನೆಹಾಕಬೇಕು. ಪಿನ್ನು, ಪ್ಲಾಸ್ಟಿಕ್ ರಟ್ಟು ತೆಗೆಯಬೇಕು. ನಾಲ್ಕನೇ ದಿನ ಒನಕೆಯಿಂದ ಕುಟ್ಟಿ ಅಂಬಲಿಯ ಹಾಗೆ ಮಾಡಬೇಕು. ಒಂದು ಡಬ್ಬಿ ಕಾಗದದ ರಾಡಿಗೆ ಮೂರು ಡಬ್ಬಿ ಹೊಟ್ಟು. ಹೊಟ್ಟನ್ನೂ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿದರೆ ಚಲೋ, ಇಲ್ಲವಾದರೆ ಅದು ರಾಡಿಯ ನೀರನ್ನೇ ಎಳೆದುಕೊಂಡು ಸರಿಯಾಗಿ ಬೆರೆಯುವುದಿಲ್ಲ. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು. ಬಿರುಕು ಬಿಟ್ಟರೆ ಇನ್ನೂ ಸ್ವಲ್ಪ ಕಾಗದ ಹಾಕಿರಿ. ಅಚ್ಚಿಗೆ ತುಂಬಿ ಒತ್ತಿ, ತೂತುಗಳಿಂದ ನೀರು ಇಳಿಯುವುದು ನಿಂತ ಮೇಲೂ ಹತ್ತು ಎಣಿಸುವವರೆಗೆ ಬಿಡಬಾರದು. ಬೇಗ ಬಿಟ್ಟರೆ ಅರಿವೆ ಹಿಂಡಿ ಬಿಟ್ಟಂತೆ ಮತ್ತೆ ನೀರು ಎಳೆದುಕೊಳ್ಳುತ್ತದೆ. ಮೊದಲು ನಡುವಿನ ಬಡಿಗೆ ತಿರುವಿ ತೆಗೆದು ಆಮೇಲೆ ಇಟ್ಟಂಗಿ ನೂಕಬೇಕು. ನೂರು ಇಟ್ಟಂಗಿಗೆ ಸುಮಾರು ಮೂರೂವರೆ ಕಿಲೊ ಒಣ ಕಾಗದ ಹಿಡಿಯಿತು.

ಒಂದು ಎಚ್ಚರಿಕೆ. ಪ್ಲೈವುಡ್ ಕೊಯ್ದ ಹೊಟ್ಟು, ಬಣ್ಣ ಅಥವಾ ಪಾಲಿಶ್ ಹಚ್ಚಿದ ಕಟ್ಟಿಗೆಯ ಹೊಟ್ಟು ಎಂದೂ ಹಾಕಬೇಡಿರಿ. ಪ್ಲೈವುಡ್‌ನಲ್ಲಿ ರಾಸಾಯನಿಕ ಅಂಟು ಇರುತ್ತದೆ, ಅದರ ಹೊಗೆ ಕೆಟ್ಟದ್ದು. ಅಪ್ಪ ಈಗ ಅದಕ್ಕೆ ಬೇರೆ ಚೀಲ ಇಟ್ಟಿದ್ದಾನೆ. ಒಣ ಹೊಟ್ಟು ಕೈಯಾಡಿಸುವಾಗ ಮೂಗಿಗೆ ಅರಿವೆ ಕಟ್ಟಿಕೊಳ್ಳಿರಿ.

ಭರಣಿ ಮಳೆ

ಏಪ್ರಿಲ್ ಕೊನೆಗೆ ನೂರಾ ಹತ್ತು ಇಟ್ಟಂಗಿ ಅಂಗಳದಲ್ಲಿ ಸಾಲಾಗಿ ಒಣಗುತ್ತಿದ್ದವು. ಅವ್ವ ಸಂಡಿಗೆ ಹಾಕುವ ಜಾಗವನ್ನೇ ನನಗೆ ಬಿಟ್ಟುಕೊಟ್ಟಿದ್ದಳು. ಮಳೆಗಾಲಕ್ಕೆ ಬ್ಯಾಳಿ ಬೇಯಿಸಲು ಇವೇ ಸಾಕಾಗುತ್ತವೆ ಎಂದು ನಾನು ಹೇಳಿದ್ದನ್ನು ನಂಬಿ, ಆ ವರ್ಷ ಹತ್ತಿ ಕಟಗಿಯನ್ನೂ ಒಂದು ಬಂಡಿ ಕಡಿಮೆ ತರಿಸಿದ್ದಳು.

ಮೇ ಮೊದಲ ವಾರ ಒಂದು ಸಂಜೆ ಗಾಳಿ ಎದ್ದು ಗುಡುಗಿ ಭರಣಿ ಮಳೆ ಹೊಡೆಯಿತು. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂದು ಊರೆಲ್ಲ ಖುಷಿ ಪಡುತ್ತಿತ್ತು. ನಾನು ಆ ದಿನ ಬೆಟಗೇರಿಗೆ ಹೋಗಿದ್ದೆ. ಅಪ್ಪ ಕೆಲಸಕ್ಕೆ ಹೋಗಿದ್ದ. ಆಯಿ ಒಬ್ಬಳೇ ದಮ್ಮು ಕಟ್ಟಿಕೊಂಡು ಪುಟ್ಟಿಯಲ್ಲಿ ಹೊತ್ತು ಇಪ್ಪತ್ತು ಇಟ್ಟಂಗಿ ಒಳಗೆ ತಂದಿದ್ದಳಂತೆ. ಮರುದಿನ ಬಂದು ನೋಡಿದರೆ ಉಳಿದ ತೊಂಬತ್ತು ಅಂಗಳದ ತುಂಬ ರಾಡಿ. ನಾನು ಅತ್ತೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಸುಮ್ಮನೆ ಕೋಲಿನಿಂದ ಬಣವಿಯ ಕಡೆ ತೋರಿಸಿ, "ಇನ್ನೊಂದು ಬಂಡಿ ಸಿಗತೈತೇನ ಕೇಳಬೇಕು" ಎಂದಳು.

ಸಂಜೆ ಅಪ್ಪ ಬಂದು ರಾಡಿಯನ್ನು ಒಂದು ಮುಷ್ಟಿ ಎತ್ತಿ ಹಿಂಡಿ ನೋಡಿದ. "ಇದರಾಗ ಏನ್ ಕೆಟ್ಟೈತಿ? ನೀರಿನಿಂದ ಮಾಡಿದ್ದು ನೀರಾಗ ಕರಗೈತಿ. ಮತ್ತ ಒತ್ತು" ಅಂದ. ನಿಜ! ನಾರೂ ಅಲ್ಲೇ ಇತ್ತು, ಹೊಟ್ಟೂ ಅಲ್ಲೇ ಇತ್ತು. ಸಿಮೆಂಟ್ ಇಟ್ಟಂಗಿ ಒಡೆದರೆ ಮತ್ತೆ ಕಟ್ಟಲು ಬರುವುದಿಲ್ಲ, ಇದು ಬರುತ್ತದೆ. ಮೇಲಿನದನ್ನಷ್ಟೇ ಬಳಿದು ತೆಗೆದು, ಮಣ್ಣು ಹತ್ತಿದ ಕೆಳಗಿನದನ್ನು ಬಿಟ್ಟು, ಮತ್ತೆ ಒತ್ತಿದೆ. ಎಪ್ಪತ್ತೆರಡು ಬಂದವು. ಮಣ್ಣು ಪೂರ್ತಿ ಹೋಗಿರಲಿಲ್ಲ, ಅವು ಉರಿದ ಮೇಲೆ ಬೂದಿ ಹೆಚ್ಚು ಬಿಡುತ್ತವೆ. ಆಮೇಲೆ ಮಾಡಿದ್ದನ್ನೆಲ್ಲ ಅಪ್ಪನ ಕೆಲಸದ ಶೆಡ್ಡಿನ ತಗಡಿನ ಕೆಳಗೆ ಹಲಗೆಯ ಮೇಲೆ ಒಣಗಿಸಿದೆವು. ಬಿಸಿಲು ನೇರ ಬೀಳದಿದ್ದರೂ ಗಾಳಿ ಆಡುತ್ತದೆ, ಮಳೆ ಭಯ ಇಲ್ಲ. ರೋಹಿಣಿ ಮಳೆಯೊಳಗೆ ಒಟ್ಟು ಇನ್ನೂರ ಅರವತ್ತು ಆದವು.

ಒಣಗಿದ್ದು ಹೇಗೆ ತಿಳಿಯುವುದು

ಒಂದು ಇಟ್ಟಂಗಿಗೆ ದಾರ ಕಟ್ಟಿ ಗುರುತು ಮಾಡಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ದಿನ ಬಿಟ್ಟು ದಿನ ತೂಗಿದೆ. ಅಂಗಡಿಯ ಕಾಕಾ ನಗುತ್ತಿದ್ದರು, ಆದರೂ ತೂಗಿ ಕೊಟ್ಟರು. ಒತ್ತಿದ ದಿನ 500 ಗ್ರಾಂ, ಎರಡನೇ ದಿನ 340, ನಾಲ್ಕನೇ ದಿನ 230, ಆರನೇ ದಿನ 190, ಎಂಟನೇ ದಿನ 180. ಹತ್ತನೇ ದಿನವೂ 180. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದು ತಿಳಿಯಬೇಕು. ನಾಲ್ಕನೇ ದಿನಕ್ಕೇ ಕೈಗೆ ಒಣಗಿದಂತೆ ಹತ್ತುತ್ತದೆ, ಆದರೆ ಒಳಗೆ ಇನ್ನೂ 50 ಗ್ರಾಂ ನೀರು ಇರುತ್ತದೆ. ತಕ್ಕಡಿ ಇಲ್ಲದವರು ಒಂದಕ್ಕೊಂದು ಬಡಿದು ನೋಡಿರಿ. ಒಣಗಿದ್ದು ಟಕ್ ಟಕ್ ಅನ್ನುತ್ತದೆ.

ಇಷ್ಟೊಂದು ಕಾಯುವುದು ಯಾಕೆ? ಲೆಕ್ಕ ನೋಡಿರಿ. ಹಸಿ ಇಟ್ಟಂಗಿಯಲ್ಲಿ ನೀರು 320 ಗ್ರಾಂ. ಅದನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಸಲು 320 ಗುಣಿಲೆ 70, ಅಂದರೆ 22,400 ಕ್ಯಾಲೊರಿ. ಆಮೇಲೆ ಅದನ್ನು ಉಗಿ ಮಾಡಲು ಗ್ರಾಮಿಗೆ 540ರಂತೆ 1,72,800 ಕ್ಯಾಲೊರಿ. ಒಟ್ಟು 1,95,200. ಒಣ ಕಟ್ಟಿಗೆ ಗ್ರಾಮಿಗೆ ಸುಮಾರು 4,000 ಕ್ಯಾಲೊರಿ ಕೊಡುತ್ತದೆ, 180 ಗ್ರಾಮಿಗೆ 7,20,000. ಅಂದರೆ ರೂಪಾಯಿಯಲ್ಲಿ ನಾಲ್ಕಾಣೆಗಿಂತ ಹೆಚ್ಚು ಕಾವು ಬರೀ ತನ್ನ ನೀರು ಒಣಗಿಸಿಕೊಳ್ಳಲು ಹೋಗುತ್ತದೆ, ಅದು ಬೋಗುಣಿಗೆ ಸಿಗುವುದಿಲ್ಲ. ಅಷ್ಟೇ ಅಲ್ಲ. ನೀರು ಬೆಂಕಿಯನ್ನು ತಣ್ಣಗೆ ಮಾಡುವುದರಿಂದ ಕಟ್ಟಿಗೆಯಿಂದ ಎದ್ದ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ನಮ್ಮ ಆಯಿಯ ಎದೆಗೆ ಹೋಗುತ್ತಿದ್ದದ್ದು ಅದೇ. ಹಸಿ ಹತ್ತಿ ಕಟಗಿಗೂ ಇದೇ ಲೆಕ್ಕ.

ಉರಿಸಿ ನೋಡಿದ್ದು

ಒಂದೇ ಬೋಗುಣಿ, ಎರಡು ಲೀಟರ್ ನೀರು, ಮೇಲೆ ಮುಚ್ಚಳ. ಒಣಗಿದ ಹತ್ತಿ ಕಟಗಿ ಅರ್ಧ ಕಿಲೊ ಉರಿಸಿದಾಗ 15 ನಿಮಿಷಕ್ಕೆ ಕುದಿ ಬಂತು. ಎರಡು ಇಟ್ಟಂಗಿ, ಅಂದರೆ 360 ಗ್ರಾಂ, ಹೊತ್ತಿಸಲು ಸ್ವಲ್ಪ ರಂದಾ ಸಿಪ್ಪಿ. 23 ನಿಮಿಷ ಹಿಡಿಯಿತು. ನಾನು ಇಟ್ಟಂಗಿಯೇ ಬೇಗ ಕುದಿಸುತ್ತದೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಆದರೆ ಹತ್ತಿ ಕಟಗಿಗೆ ಒಲೆಯ ಮುಂದೆ ಕೂತು ನೂಕುತ್ತಲೇ ಇರಬೇಕು, ಇಟ್ಟಂಗಿ ಹಚ್ಚಿ ಎದ್ದು ಹೋಗಬಹುದು. ಕುದಿ ಬಂದ ಮೇಲೂ ಅರ್ಧ ತಾಸು ಕೆಂಡ ಇರುತ್ತದೆ.

ಮೊದಲೆರಡು ದಿನ ಇಟ್ಟಂಗಿಯೂ ಹೊಗೆ ಹಾಕಿತು. ಬೂದಿಯ ಮೇಲೆ ನೇರ ಇಟ್ಟಿದ್ದರಿಂದ ನಡುವಿನ ತೂತಿಗೆ ಕೆಳಗಿನಿಂದ ಗಾಳಿ ಬರುತ್ತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಸುರುವಾಗಿತ್ತು. ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಅದಕ್ಕೆ ಮುಂದಾಳು. ಅಲ್ಲಿಯವರು ಮಾಡಿದ ಅಸ್ತ್ರ ಒಲೆಯಲ್ಲಿ ಉರುವಲದ ಕೆಳಗೆ ಜಾಲರಿ ಇದ್ದು ಗಾಳಿ ಕೆಳಗಿನಿಂದ ಬರುತ್ತದೆ, ಹೊಗೆ ಕೊಳವೆಯಲ್ಲಿ ಮಾಡಿನ ಮೇಲೆ ಹೋಗುತ್ತದೆ. ಅದನ್ನು ಕೇಳಿ ಅಪ್ಪ ನಮ್ಮ ಒಲೆಯೊಳಗೆ ನಾಲ್ಕು ಕಬ್ಬಿಣದ ಸರಳು ಕೂಡಿಸಿ ಇಟ್ಟಂಗಿಯನ್ನು ನಾಲ್ಕು ಬೆರಳು ಎತ್ತರಿಸಿದ. ತೂತಿನಿಂದ ಉರಿ ಸೀದಾ ಮೇಲೆ ಬಂತು, ಹೊಗೆ ಬಹಳ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ಕೊಳವೆ ಹಾಕಿಸಬೇಕು, ಅದಕ್ಕೆ ಇನ್ನೂ ರೊಕ್ಕ ಕೂಡಿಲ್ಲ.

ರೊಟ್ಟಿಗೆ ಇದು ನಡೆಯುವುದಿಲ್ಲ. ರೊಟ್ಟಿಗೆ ಹಂಚಿನ ಅಗಲಕ್ಕೂ ಜ್ವಾಲೆ ಹರಡಬೇಕು, ಬೇಕಾದಾಗ ಜೋರು, ಬೇಡವಾದಾಗ ಸಣ್ಣ. ಇಟ್ಟಂಗಿ ಹಾಗೆ ಮಾತು ಕೇಳುವುದಿಲ್ಲ. ಅವ್ವನ ತೀರ್ಪು: "ರೊಟ್ಟಿಗೆ ಆಗಂಗಿಲ್ಲ. ಬ್ಯಾಳಿಗೆ, ಜಳಕದ ನೀರಿಗೆ ಹೇಳಿ ಮಾಡಿಸಿದಂಗ ಐತಿ." ಆ ಒಂದು ಬಂಡಿ ಹತ್ತಿ ಕಟಗಿಯನ್ನು ಆಕೆ ತರಿಸಿಯೇ ಬಿಟ್ಟಳು, ರೊಟ್ಟಿಗಾಗಿ.

ಇಟ್ಟಂಗಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇವೆ. ಆಷಾಢದಲ್ಲಿ ಪಡಸಾಲೆಯಲ್ಲಿ ಉಳಿದಿದ್ದ ಒಂದನ್ನು ತೂಗಿದರೆ 205 ಗ್ರಾಂ ಇತ್ತು. ಮಳೆ ಬೀಳದಿದ್ದರೂ ಗಾಳಿಯ ತೇವ ಕುಡಿದಿತ್ತು. ಅಟ್ಟದ ಮೇಲಿನದು 185 ಅಷ್ಟೇ.

ಇನ್ನೊಂದು ಮಾತು, ಇದನ್ನು ಚಿಕ್ಕವರು ಲಕ್ಷ್ಯವಿಟ್ಟು ಓದಿರಿ. ಇಟ್ಟಂಗಿಯ ಕೆಂಡ ಬಹಳ ಹೊತ್ತು ಇರುತ್ತದೆಂದು ಚಳಿಗೆ ಬೋಗುಣಿಯಲ್ಲಿ ತುಂಬಿ ಕೋಣೆಯ ಬಾಗಿಲು ಹಾಕಿ ಮಲಗಬೇಡಿರಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಸೀಮೆಎಣ್ಣೆ ಸುರಿದು ಹಚ್ಚುವುದೂ ಬೇಡ, ನಡುವಿನ ತೂತಿನಿಂದ ಉರಿ ಮುಖಕ್ಕೆ ಹೊಡೆಯುತ್ತದೆ.

ಈ ಶ್ರಾವಣದಲ್ಲಿ ಐದು ದಿನ ಜಡಿಮಳೆ ಇತ್ತು. ಆಯಿ ಎರಡು ರಾತ್ರಿ ಕೆಮ್ಮಿದಳು, ಮೂರು ರಾತ್ರಿ ಮಲಗಿದಳು. ದವಾಖಾನೆಗೆ ಹೋಗಲಿಲ್ಲ. ಇದು ಇಟ್ಟಂಗಿಯಿಂದಲೇ ಎಂದು ನಾನು ಹೇಳಲಾರೆ, ಈ ವರ್ಷ ಮಳೆಯೂ ಕಡಿಮೆ ಇತ್ತು. ಮುಂದಿನ ವರ್ಷವೂ ನೋಡಬೇಕು.

ಇವತ್ತಿಗೆ ಅಟ್ಟದ ಮೇಲೆ ನಲವತ್ತಮೂರು ಉಳಿದಿವೆ. ಮುಂದಿನ ಬ್ಯಾಸಗಿಗೆ ಐನೂರು ಮಾಡುವ ವಿಚಾರ ಇದೆ. ಹೊಟ್ಟಿಗೆ ಕೊರತೆ ಇಲ್ಲ, ಕಾಗದಕ್ಕೆ ಇದೆ. ರದ್ದಿಯವನು ಒಯ್ಯದ, ತೋಯ್ದ, ಗೆದ್ದಲು ತಿಂದ ನೋಟುಬುಕ್ಕು ಯಾರ ಮನೆಯಲ್ಲಿದ್ದರೂ ದಯವಿಟ್ಟು ತಂದು ಕೊಡಿರಿ. ಅಚ್ಚು ಬೇಕಾದವರು ರವಿವಾರ ನಮ್ಮ ಮನೆಗೆ ಬಂದು ಒಯ್ಯಬಹುದು. ತೊಳೆದು ವಾಪಸು ಕೊಡಬೇಕು, ರಾಡಿ ಒಣಗಿದರೆ ಬಿಲ್ಲೆ ಸಿಕ್ಕಿಕೊಳ್ಳುತ್ತದೆ, ಅಪ್ಪ ನನಗೆ ಬೈಯುತ್ತಾನೆ.

— 9ನೇ ತರಗತಿ, 'ಬ' ವಿಭಾಗ